ಜೀವಕೋಶದ ಅಂಕೆ

ಅಕ್ಷರಾಭ್ಯಾಸದ ಮೊದಲ ದಿನಗಳಲ್ಲಿ ಮಗುವಿಗೆ ಕಾಗುಣಿತದಷ್ಟು ಬೇಸರ ತರುವ ಪಾಠ ಮತ್ತೊಂದಿಲ್ಲ. ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಎತ್ವ ಎಂದು ಅಕ್ಷರದ ನೆತ್ತಿಯ ಮೇಲೋ ಮಗ್ಗುಲಲ್ಲೋ ಅಂಟಿಕೊಳ್ಳುವ ಈ ಪುಟ್ಟ ಗುರುತುಗಳಿಗೆ ಅಷ್ಟೊಂದು ಮರ್ಯಾದೆ ಏಕೆಂಬುದು ಅದಕ್ಕೆ ತಿಳಿಯದು. ‘ಹಣ’ ಎಂದು ಬರೆಯಹೇಳಿದರೆ ಕೈತಪ್ಪಿ ಮೊದಲಕ್ಷರಕ್ಕೆ ಎತ್ವವನ್ನು ಕೊಟ್ಟು ‘ಹೆಣ’ ಎಂದು ಬರೆದಿಡುತ್ತದೆ. ಉಪಾಧ್ಯಾಯರು ನಕ್ಕು ಸ್ಲೇಟಿನ ಮೇಲಿನ ಆ ಗುರುತನ್ನು ಒರಸಿ ತಿದ್ದಿದರೆ ಹೆಣವು ಮತ್ತೆ ಹಣವಾಗುತ್ತದೆ. ಅಕ್ಷರ ಅದೇ, ಪದದ ಮೈಯೂ ಬಹುಮಟ್ಟಿಗೆ ಅದೇ. ಒಂದು ಗುರುತು ಬಂದಾಗ ಒಂದರ್ಥ, ಹೋದಾಗ ಇನ್ನೊಂದರ್ಥ.

ಸಂಧಿಪ್ರಕರಣವನ್ನು ಓದಿದ ವಿದ್ಯಾರ್ಥಿಗೆ ಇದೇ ಮಾತು ಬೇರೊಂದು ರೂಪದಲ್ಲಿ ಎದುರಾಗುತ್ತದೆ. ‘ಮನೆ’ ಎಂಬುದಕ್ಕೆ ‘ಅಲ್ಲಿ’ ಸೇರುವಾಗ ನಡುವೆ ಇಲ್ಲದ ಯಕಾರವೊಂದು ಬಂದು ‘ಮನೆಯಲ್ಲಿ’ ಎಂದಾಗುವುದು ಆಗಮ. ‘ಊರು’ ಎಂಬುದಕ್ಕೆ ‘ಅಲ್ಲಿ’ ಸೇರುವಾಗ ಇದ್ದ ಉಕಾರವು ಹೋಗಿ ‘ಊರಲ್ಲಿ’ ಎಂದಾಗುವುದು ಲೋಪ. ‘ಮಳೆ’ಗೆ ‘ಕಾಲ’ ಕೂಡಿ ‘ಮಳೆಗಾಲ’ವಾಗುವಲ್ಲಿ ಒಂದು ವರ್ಣದ ಸ್ಥಾನದಲ್ಲಿ ಇನ್ನೊಂದು ಬಂದು ಕುಳಿತುಕೊಳ್ಳುವುದು ಆದೇಶ. ಬರುವುದು, ಹೋಗುವುದು, ಬದಲಾಗುವುದು ಎಂಬ ಈ ಮೂರು ವ್ಯಾಪಾರಗಳಿಂದಲೇ ನುಡಿಯ ಬಹುಪಾಲು ನಡೆಯುತ್ತದೆ.

ಮನುಷ್ಯನ ಶರೀರದ ಪ್ರತಿಯೊಂದು ಜೀವಕೋಶದೊಳಗೂ ಇದನ್ನು ಬಹುವಾಗಿ ಹೋಲುವ ಒಂದು ವ್ಯಾಕರಣವಿದೆ. ಅಲ್ಲಿನ ಪದಗಳೆಂದರೆ ಪ್ರೋಟೀನುಗಳು. ಅಲ್ಲಿನ ಗುರುತೆಂದರೆ ರಂಜಕ, ಅಂದರೆ ಫಾಸ್ಫರಸ್ಸಿನಿಂದಾದ ಫಾಸ್ಫೇಟು ಎಂಬ ಒಂದು ಸಣ್ಣ ಅಣುಗುಂಪು. ಅದು ಪ್ರೋಟೀನಿಗೆ ಅಂಟಿಕೊಳ್ಳುವುದನ್ನು ಫಾಸ್ಫೋರಿಲೀಕರಣವೆಂದು ಕರೆಯುತ್ತಾರೆ. ಆ ಅಂಟು ಬರಬೇಕಾದಾಗ ಬಂದು, ಹೋಗಬೇಕಾದಾಗ ಹೋದರೆ ಆರೋಗ್ಯ. ಬಂದದ್ದು ಹೋಗದೆ ನಿಂತರೆ ಹಲವು ವೇಳೆ ಅರ್ಬುದ ರೋಗ. ಸುಶ್ರುತಸಂಹಿತೆಯು ಅರ್ಬುದವೆಂದು ಕರೆದ ಗಂಟಿನ ರೋಗವನ್ನೇ ಇಂದಿನವರು ಕ್ಯಾನ್ಸರೆಂದು ಹೆದರಿಕೆಯಿಂದ ಉಚ್ಚರಿಸುತ್ತಾರೆ. ಅದರ ಹಿಂದೆ ಇಷ್ಟು ಸಣ್ಣ ಗುರುತೊಂದರ ಕಥೆ ಇರಬಹುದೆಂದು ಊಹಿಸಿದವರು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಯಾರೂ ಇರಲಿಲ್ಲ.

ಪ್ರೋಟೀನೆಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಇಪ್ಪತ್ತು ಬಗೆಯ ಮಣಿಗಳಲ್ಲಿ ಸೀರಿನ್, ಥ್ರಿಯೋನಿನ್, ಟೈರೋಸಿನ್ ಎಂಬ ಮೂರಕ್ಕೆ ಫಾಸ್ಫೇಟನ್ನು ಹಿಡಿದುಕೊಳ್ಳುವ ಕೊಕ್ಕೆಯಿದೆ. ಸರವು ಸುಮ್ಮನೆ ಜೋತಾಡುವುದಿಲ್ಲ. ಮಡಿಸಿಕೊಂಡು, ಸುತ್ತಿಕೊಂಡು ತನ್ನದೇ ಆದ ಆಕಾರವನ್ನು ತಾಳುತ್ತದೆ. ಆ ಆಕಾರವೇ ಅದರ ಕೆಲಸವನ್ನು ನಿರ್ಣಯಿಸುತ್ತದೆ. ಫಾಸ್ಫೇಟಿಗೆ ಋಣ ವಿದ್ಯುದಂಶವಿರುವುದರಿಂದ, ಅದು ಬಂದು ಅಂಟಿದೊಡನೆ ಸುತ್ತಲಿನ ಮಣಿಗಳಲ್ಲಿ ಕೆಲವು ಅದರತ್ತ ಸೆಳೆಯಲ್ಪಡುತ್ತವೆ, ಕೆಲವು ದೂರ ಸರಿಯುತ್ತವೆ. ಮಡಿಕೆ ಬದಲಾಗುತ್ತದೆ, ಮುಚ್ಚಿದ್ದ ಬಾಯಿ ತೆರೆಯುತ್ತದೆ, ಇಲ್ಲವೆ ತೆರೆದದ್ದು ಮುಚ್ಚುತ್ತದೆ. ನಿದ್ರಿಸುತ್ತಿದ್ದ ಪ್ರೋಟೀನು ಎದ್ದು ಕೆಲಸಕ್ಕೆ ತೊಡಗುತ್ತದೆ, ಇಲ್ಲವೆ ದುಡಿಯುತ್ತಿದ್ದುದು ಮಲಗುತ್ತದೆ. ಫಾಸ್ಫೇಟನ್ನು ತಂದು ಅಂಟಿಸುವ ಕಿಣ್ವಗಳಿಗೆ ಕೈನೇಸುಗಳೆಂದೂ ಅದನ್ನು ಕಳಚುವ ಕಿಣ್ವಗಳಿಗೆ ಫಾಸ್ಫಟೇಸುಗಳೆಂದೂ ಹೆಸರು. ಮೊದಲನೆಯದು ಆಗಮದ ಅಧಿಕಾರಿ, ಎರಡನೆಯದು ಲೋಪದ ಅಧಿಕಾರಿ. ೨೦೦೨ರಲ್ಲಿ ವಿಜ್ಞಾನಿಗಳು ಮಾನವನ ವಂಶವಾಹಿಗಳನ್ನೆಲ್ಲ ಶೋಧಿಸಿ ಪಟ್ಟಿಮಾಡಿದಾಗ ಕೈನೇಸುಗಳ ಸಂಖ್ಯೆಯೇ ೫೧೮ ಆಯಿತು. ಶರೀರವು ಈ ಒಂದು ಗುರುತಿನ ಆಡಳಿತಕ್ಕೆ ಎಷ್ಟು ದೊಡ್ಡ ಸಿಬ್ಬಂದಿಯನ್ನು ಇರಿಸಿಕೊಂಡಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ರಂಜಕದ ಲೆಕ್ಕಾಚಾರದ ಆದಿಯಲ್ಲಿ ಭಾರತೀಯನೊಬ್ಬನ ಹೆಸರಿದೆಯೆಂಬುದು ಸಂತೋಷದ ಸಂಗತಿ. ಆಂಧ್ರದ ಭೀಮಾವರದಲ್ಲಿ ೧೮೯೫ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ೧೯೨೩ರಲ್ಲಿ ಅಮೆರಿಕದ ಬಾಸ್ಟನ್ ನಗರವನ್ನು ಸೇರಿದರು. ಅಲ್ಲಿ ಸೈರಸ್ ಫಿಸ್ಕೆ ಎಂಬವರೊಡನೆ ದುಡಿದು, ರಕ್ತದಲ್ಲಿಯೂ ಇತರ ದ್ರವಗಳಲ್ಲಿಯೂ ರಂಜಕವು ಎಷ್ಟಿದೆಯೆಂದು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ೧೯೨೫ರಲ್ಲಿ ಪ್ರಕಟಿಸಿದರು. ಆ ವಿಧಾನವು ಇಂದಿಗೂ ಅವರಿಬ್ಬರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಎ.ಟಿ.ಪಿ. ಎಂಬ ಅಣುವನ್ನು ೧೯೨೯ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಒಂದು ಕಡೆ, ಫಿಸ್ಕೆ-ಸುಬ್ಬರಾವ್ ಇನ್ನೊಂದು ಕಡೆ ಕಂಡುಹಿಡಿದರು. ಕೈನೇಸುಗಳು ಫಾಸ್ಫೇಟನ್ನು ತೆಗೆದುಕೊಳ್ಳುವುದು ಈ ಎ.ಟಿ.ಪಿ.ಯಿಂದಲೇ. ಆದರೆ ಅದು ಪ್ರೋಟೀನಿನ ನಡೆಯನ್ನೇ ಆಳುವ ಗುರುತೆಂದು ತಿಳಿಯಲು ಇನ್ನೂ ಕಾಲು ಶತಮಾನ ಕಾಯಬೇಕಾಯಿತು.

ಆ ತಿಳಿವಳಿಕೆಯೂ ಸೋಸುವ ಕಾಗದದ ತುಂಡೊಂದರ ದೆಸೆಯಿಂದ ಬಂದಿತೆನ್ನಬೇಕು. ಸ್ನಾಯುವಿನಲ್ಲಿ ಶೇಖರವಾಗಿರುವ ಗ್ಲೈಕೋಜನ್ ಎಂಬ ಪಿಷ್ಟವನ್ನು ಒಡೆಯುವ ಫಾಸ್ಫೋರಿಲೇಸ್ ಎಂಬ ಕಿಣ್ವಕ್ಕೆ ಎರಡು ರೂಪಗಳಿವೆ. ಒಂದು ಚುರುಕು, ಇನ್ನೊಂದು ಮಂದ. ಇದನ್ನು ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಗಳು ಮೊದಲೇ ತೋರಿಸಿದ್ದರು. ಅಮೆರಿಕದ ಸಿಯಾಟಲ್ ನಗರದಲ್ಲಿ ಎಡ್ವಿನ್ ಕ್ರೆಬ್ಸ್ ಮತ್ತು ಎಡ್ಮಂಡ್ ಫಿಷರ್ ಎಂಬ ಸ್ನೇಹಿತರು ಸ್ನಾಯುವಿನ ರಸದಿಂದ ಅದೇ ಕಿಣ್ವವನ್ನು ತೆಗೆಯಲು ಹೊರಟರು. ಹಳೆಯ ಕ್ರಮದಂತೆ ರಸವನ್ನು ಕಾಗದದಲ್ಲಿ ಸೋಸಿದರೆ ಚುರುಕಾದ ರೂಪ ದೊರೆಯುತ್ತಿತ್ತು. ಸೋಸುವುದನ್ನು ಬಿಟ್ಟು ಯಂತ್ರದಲ್ಲಿ ಗಿರ್ರನೆ ತಿರುಗಿಸಿ ತಿಳಿಯನ್ನು ಬೇರ್ಪಡಿಸಿದರೆ ಮಂದವಾದ ರೂಪವೇ ದೊರೆಯುತ್ತಿತ್ತು. ಕಾಗದದಲ್ಲಿ ಏನಿದ್ದೀತು? ವಿಚಾರಿಸಲಾಗಿ ಅದರಲ್ಲಿ ಸೇರಿದ್ದ ಸ್ವಲ್ಪ ಕ್ಯಾಲ್ಸಿಯಮ್ಮು ರಸದೊಳಗಿನ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತಿತ್ತು, ಅದು ಎ.ಟಿ.ಪಿ.ಯಿಂದ ಫಾಸ್ಫೇಟನ್ನು ತೆಗೆದು ಫಾಸ್ಫೋರಿಲೇಸಿಗೆ ಅಂಟಿಸುತ್ತಿತ್ತು. ೧೯೫೫ರಲ್ಲಿ ಈ ಪರಿವರ್ತನೆಯ ವಿಷಯ ಪ್ರಕಟವಾಯಿತು. ಅಂಟಿಸಿದ ಫಾಸ್ಫೇಟನ್ನು ತೆಗೆದರೆ ಕಿಣ್ವವು ಮರಳಿ ಮಂದವಾಗುತ್ತಿತ್ತು. ಇದು ಸ್ನಾಯುವೊಂದರ ಸಣ್ಣ ವಿಶೇಷವೆಂದೇ ಬಹುಕಾಲ ಹಲವರು ಎಣಿಸಿದ್ದರು. ಇದು ಜೀವಕೋಶದ ಸರ್ವಸಾಮಾನ್ಯವಾದ ನಿಯಮವೆಂದು ಲೋಕಕ್ಕೆ ನಿಚ್ಚಳವಾದ ಮೇಲೆ, ೧೯೯೨ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು.

ಈ ನಿಯಮದ ಸೊಬಗನ್ನು ತಿಳಿಯಬೇಕಾದರೆ ಹೊಲದ ಬದುವಿನ ಮೇಲೆ ನಡೆದುಹೋಗುತ್ತಿರುವ ರೈತನೊಬ್ಬನ ಕಾಲ ಬಳಿ ಹಾವು ಸರಿದುಹೋಯಿತೆಂದು ಭಾವಿಸಬೇಕು. ಅವನು ಯೋಚಿಸುವ ಮೊದಲೇ ಎದೆ ಹೊಡೆದುಕೊಳ್ಳುತ್ತದೆ, ಕಾಲು ಹಿಂದಕ್ಕೆ ಜಿಗಿಯುತ್ತದೆ. ಮೂತ್ರಪಿಂಡಗಳ ಮೇಲಣ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸವು ನೆತ್ತರಿಗೆ ಇಳಿಯುತ್ತದೆ. ಆ ರಸವು ಯಕೃತ್ತಿನ ಕೋಶಗಳ ಬಾಗಿಲನ್ನು ತಟ್ಟುತ್ತದೆಯೇ ಹೊರತು ಒಳಕ್ಕೆ ಹೋಗುವುದಿಲ್ಲ. ಬಾಗಿಲು ತಟ್ಟಿದ ಸುದ್ದಿಯನ್ನು ಒಳಗೆ ಒಯ್ಯುವ ದೂತನೊಂದಿದೆ, ಚಕ್ರೀಯ ಎ.ಎಂ.ಪಿ. ಎಂಬ ಆ ದೂತನನ್ನು ಗುರುತಿಸಿದ ಅರ್ಲ್ ಸದರ್ಲೆಂಡರಿಗೆ ೧೯೭೧ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ದೂತನು ಒಂದು ಕೈನೇಸನ್ನು ಎಬ್ಬಿಸುತ್ತಾನೆ. ಅದು ಎರಡನೆಯ ಕೈನೇಸಿಗೆ ಫಾಸ್ಫೇಟನ್ನು ಅಂಟಿಸಿ ಎಬ್ಬಿಸುತ್ತದೆ. ಎರಡನೆಯದು ಫಾಸ್ಫೋರಿಲೇಸನ್ನು ಎಬ್ಬಿಸುತ್ತದೆ. ಒಂದೊಂದು ಮೆಟ್ಟಿಲಿನಲ್ಲಿಯೂ ಒಂದು ಕಿಣ್ವವು ಅನೇಕವನ್ನು ಎಬ್ಬಿಸುವುದರಿಂದ, ಬಾಗಿಲಲ್ಲಿ ಪಿಸುಮಾತಾಗಿದ್ದುದು ಒಳಮನೆಯಲ್ಲಿ ಡಂಗುರವಾಗುತ್ತದೆ. ಪಿಷ್ಟವು ಒಡೆದು ಸಕ್ಕರೆಯು ರಕ್ತಕ್ಕೆ ಸೇರುತ್ತದೆ; ಓಡುವವನಿಗೆ ಬಲ ಬರುತ್ತದೆ.

ಹಾವು ಹುತ್ತವನ್ನು ಸೇರಿತು, ರೈತ ಬದುವಿನ ಮೇಲೆ ಕುಳಿತು ನಿಟ್ಟುಸಿರು ಬಿಟ್ಟನು. ಈಗ ಫಾಸ್ಫಟೇಸುಗಳು ಬಂದು ಒಂದೊಂದೇ ಗುರುತನ್ನು ಒರಸುತ್ತವೆ. ಡಂಗುರ ನಿಲ್ಲುತ್ತದೆ. ಜನರು ಆಜ್ಞೆಯನ್ನು ಕೊಟ್ಟವನನ್ನು ಕೊಂಡಾಡುತ್ತಾರೆಯೇ ವಿನಾ ಅದನ್ನು ಸಕಾಲದಲ್ಲಿ ಹಿಂತೆಗೆದುಕೊಂಡವನನ್ನು ನೆನೆಯುವುದು ಕಡಮೆ. ಶರೀರವು ಹಾಗಲ್ಲ, ಕರೆಯುವವನಿಗೂ ಕಳುಹಿಸಿಕೊಡುವವನಿಗೂ ಅದು ಸಮಾನವಾದ ಸ್ಥಾನವನ್ನು ಕೊಟ್ಟಿದೆ.

ಬೆಳವಣಿಗೆಯ ವಿಷಯವೂ ಇದೇ ಕ್ರಮದ್ದು. ಸ್ಟ್ಯಾನ್ಲಿ ಕೋಹೆನ್ ಎಂಬ ವಿಜ್ಞಾನಿ, ಇಲಿಯ ಜೊಲ್ಲಿನ ಗ್ರಂಥಿಯ ಸಾರವನ್ನು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ, ಅವುಗಳ ಕಣ್ಣುಗಳು ಸಹಜ ಕಾಲಕ್ಕಿಂತ ಹಲವು ದಿನ ಮುಂಚಿತವಾಗಿಯೇ ತೆರೆದುಕೊಂಡುದನ್ನು ಕಂಡರು. ಬೇರೆ ಯಾರಾದರೂ ಆಗಿದ್ದರೆ ಅಚ್ಚರಿಪಟ್ಟು ಸುಮ್ಮನಾಗುತ್ತಿದ್ದರೋ ಏನೋ. ಅವರು ಬೆನ್ನುಹತ್ತಿ, ಚರ್ಮದ ಕೋಶಗಳನ್ನು ಬೆಳೆಯಿಸುವ ಒಂದು ಪ್ರೋಟೀನನ್ನು ೧೯೬೨ರಲ್ಲಿ ಬೇರ್ಪಡಿಸಿದರು. ೧೯೮೬ರಲ್ಲಿ ನೊಬೆಲ್ ಪುರಸ್ಕಾರಕ್ಕೆ ಭಾಜನರಾದರು. ಆ ಪ್ರೋಟೀನು ಕೋಶದ ಹೊರಮೈಯಲ್ಲಿರುವ ಗ್ರಾಹಕವನ್ನು ಮುಟ್ಟುತ್ತದೆ. ಗ್ರಾಹಕದ ಒಳತುದಿಯೇ ಒಂದು ಕೈನೇಸು. ಅದು ಎಚ್ಚತ್ತು ಫಾಸ್ಫೇಟುಗಳನ್ನು ಅಂಟಿಸತೊಡಗುತ್ತದೆ. ಸರಪಳಿಯಂತೆ ಸುದ್ದಿ ಕೋಶಕೇಂದ್ರವನ್ನು ಮುಟ್ಟಿ, ‘ಇಬ್ಭಾಗವಾಗು’ ಎಂಬ ಅಪ್ಪಣೆ ಹೊರಡುತ್ತದೆ. ಬೆರಳಿಗೆ ಕುಡುಗೋಲು ತಗುಲಿದಾಗ ಗಾಯದ ಅಂಚಿನ ಕೋಶಗಳು ಬೆಳೆದು ಬಾಯಿ ಮುಚ್ಚುವುದಕ್ಕೆ ಇಂಥ ಅಪ್ಪಣೆಗಳೇ ಕಾರಣ. ಮುಚ್ಚಿದ ಮೇಲೆ ಬೆಳವಣಿಗೆಯು ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ?

ನಿಲ್ಲದಿದ್ದರೆ ಏನಾಗುವುದೆಂಬುದರ ಸುಳಿವು ಮೊದಲು ದೊರೆತುದು ಒಂದು ಕೋಳಿಯಿಂದ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಪೇಟನ್ ರೌಸ್ ಎಂಬ ತರುಣ ವೈದ್ಯರು ಎದೆಯಲ್ಲಿ ಗಡ್ಡೆ ಬೆಳೆದಿದ್ದ ಹೇಂಟೆಯೊಂದನ್ನು ಪರೀಕ್ಷಿಸಿದರು. ಗಡ್ಡೆಯನ್ನು ಅರೆದು, ಕೋಶವಾವುದೂ ದಾಟಲಾರದಷ್ಟು ಸೂಕ್ಷ್ಮವಾದ ಜಾಲರಿಯಲ್ಲಿ ಸೋಸಿ, ಆ ತಿಳಿಯನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವುಗಳಲ್ಲಿಯೂ ಗಡ್ಡೆ ಎದ್ದಿತು. ಅರ್ಬುದವನ್ನು ವೈರಸ್ಸೊಂದು ತರಬಲ್ಲುದೆಂಬ ಈ ಮಾತನ್ನು ಅವರು ೧೯೧೧ರಲ್ಲಿ ಹೇಳಿದಾಗ ನಂಬಿದವರು ವಿರಳ. ಅವರಿಗೆ ನೊಬೆಲ್ ಬಹುಮಾನ ಬಂದುದು ೧೯೬೬ರಲ್ಲಿ, ಐವತ್ತೈದು ವರ್ಷಗಳ ತರುವಾಯ. ಆಗ ಅವರ ವಯಸ್ಸು ಎಂಬತ್ತೇಳು.

ಆ ವೈರಸ್ಸಿನಲ್ಲಿ ಗಡ್ಡೆಯನ್ನು ಉಂಟುಮಾಡುವ ಶಕ್ತಿಯೆಲ್ಲ ‘ಸಾರ್ಕ್’ ಎಂಬ ಒಂದೇ ಒಂದು ವಂಶವಾಹಿಯಲ್ಲಿ ಅಡಗಿದೆಯೆಂದು ಮುಂದೆ ತಿಳಿಯಿತು. ೧೯೭೬ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಮೈಕೆಲ್ ಬಿಷಪ್, ಹೆರಾಲ್ಡ್ ವಾರ್ಮಸ್ ಮತ್ತು ಅವರ ಜೊತೆಗಾರರು, ಅದೇ ವಂಶವಾಹಿಯು ರೋಗವಿಲ್ಲದ ಕೋಳಿಯ ಪ್ರತಿಯೊಂದು ಕೋಶದಲ್ಲಿಯೂ ಇದೆಯೆಂದು ತೋರಿಸಿದರು. ಅಂದರೆ ಕಳ್ಳನು ಹೊರಗಿನಿಂದ ಬಂದವನಲ್ಲ, ಮನೆಯ ಆಳೇ. ವೈರಸ್ಸು ಅವನನ್ನು ಎಂದೋ ಮನೆಯಿಂದ ಕರೆದೊಯ್ದು ಕೆಡಿಸಿ ಮರಳಿ ಕಳುಹಿಸಿತ್ತು. ೧೯೭೮ರಲ್ಲಿ ರೇಮಂಡ್ ಎರಿಕ್ಸನ್ ಮೊದಲಾದವರು ಸಾರ್ಕಿನ ಕಸುಬನ್ನು ಪತ್ತೆಮಾಡಿದರು. ಅದೂ ಒಂದು ಕೈನೇಸು. ಫಾಸ್ಫೇಟನ್ನು ಅಂಟಿಸುವುದೇ ಅದರ ಉದ್ಯೋಗ.

ಯಾವ ಮಣಿಗೆ ಅಂಟಿಸುತ್ತದೆ? ಅಲ್ಲಿಯವರೆಗೆ ತಿಳಿದಿದ್ದುದು ಸೀರಿನ್ ಮತ್ತು ಥ್ರಿಯೋನಿನ್‌ಗಳೆರಡೇ. ಕ್ಯಾಲಿಫೋರ್ನಿಯದ ಸಾಕ್ ಸಂಸ್ಥೆಯಲ್ಲಿ ಟೋನಿ ಹಂಟರ್ ಎಂಬವರು ೧೯೭೯ರಲ್ಲಿ ಅರ್ಬುದಕಾರಕವಾದ ಇನ್ನೊಂದು ವೈರಸ್ಸಿನ ಪ್ರೋಟೀನನ್ನು ಪರೀಕ್ಷಿಸುತ್ತಿದ್ದರು. ಅಣುಗಳನ್ನು ಬೇರ್ಪಡಿಸಲು ಬೇಕಾದ ದ್ರಾವಣವನ್ನು ಹೊಸದಾಗಿ ತಯಾರಿಸುವ ಶ್ರಮವನ್ನು ಉಳಿಸಲು ಹಳೆಯದನ್ನೇ ಬಳಸಿದರು. ಹಳತಾದ ದ್ರಾವಣದ ಆಮ್ಲೀಯತೆ ಕಿಂಚಿತ್ತು ಏರಿತ್ತು. ಹೊಸ ದ್ರಾವಣದಲ್ಲಾಗಿದ್ದರೆ ಥ್ರಿಯೋನಿನ್ನಿನ ಗುರುತಿನೊಡನೆ ಒಂದಾಗಿ ಮರೆಯಾಗುತ್ತಿದ್ದ ಚುಕ್ಕೆಯೊಂದು ಆ ಕಾರಣದಿಂದ ಬೇರೆಯಾಗಿ ಕಾಣಿಸಿತು. ಅದು ಟೈರೋಸಿನ್! ಸಾರ್ಕ್ ಕೂಡ ಟೈರೋಸಿನ್ನಿಗೇ ಫಾಸ್ಫೇಟನ್ನು ಅಂಟಿಸುತ್ತದೆಯೆಂದು ಬೇಗನೆ ಗೊತ್ತಾಯಿತು. ಸಹಜ ಕೋಶದಲ್ಲಿ ಅಂಟಿಕೊಂಡ ಫಾಸ್ಫೇಟುಗಳೆಲ್ಲದರ ಪೈಕಿ ಟೈರೋಸಿನ್ನಿನ ಪಾಲು ಸಾವಿರಕ್ಕೆ ಒಂದಂಶಕ್ಕೂ ಕಡಮೆ. ಹಾಗಿದ್ದರೂ ಬೆಳವಣಿಗೆಯ ಬೀಗದ ಕೈ ಬಹಳಮಟ್ಟಿಗೆ ಇರುವುದು ಅದರ ಬಳಿಯೇ. ಆಲಸ್ಯವನ್ನು ಹೊಗಳಲಾಗದು, ಆದರೆ ಹಳೆಯ ದ್ರಾವಣವು ತೋರಿಸಿದ ವಿಚಿತ್ರ ಚುಕ್ಕೆಯನ್ನು ತಪ್ಪೆಂದು ತಳ್ಳಿಹಾಕದೆ ಇದೇನೆಂದು ಕೇಳಿದ ಬುದ್ಧಿಯನ್ನು ಹೊಗಳದಿರಲೂ ಆಗದು.

ಮನೆಯ ಆಳು ಕೆಟ್ಟುದು ಹೇಗೆ? ಸಹಜವಾದ ಸಾರ್ಕಿಗೆ ತುದಿಯಲ್ಲಿ ಒಂದು ಬಾಲವಿದೆ. ಬಾಲದಲ್ಲಿರುವ ಟೈರೋಸಿನ್ನಿಗೆ ಇನ್ನೊಂದು ಕೈನೇಸು ಫಾಸ್ಫೇಟನ್ನು ಅಂಟಿಸಿದಾಗ, ಬಾಲವು ಮಡಿಸಿಕೊಂಡು ಸಾರ್ಕನ್ನು ಕಟ್ಟಿಹಾಕುತ್ತದೆ. ಇಲ್ಲಿ ಆ ಗುರುತಿನ ಅರ್ಥ ‘ಸುಮ್ಮನಿರು’ ಎಂದು. ವೈರಸ್ಸಿನ ಸಾರ್ಕಿನಲ್ಲಿ ಬಾಲದ ಆ ಭಾಗವೇ ತುಂಡಾಗಿ ಹೋಗಿದೆ. ಸುಮ್ಮನಿರೆಂಬ ಮಾತನ್ನು ಬರೆಯಲು ಜಾಗವೇ ಇಲ್ಲದಿರುವಾಗ ಅದು ಯಾರ ಮಾತನ್ನು ಕೇಳೀತು? ಅಂಕೆಯಿಲ್ಲದ ಕಪಿ ಲಂಕೆಯನ್ನು ಸುಟ್ಟಿತೆಂದು ಗಾದೆ. ಅಂಕೆಯೆಂದರೆ ಗುರುತೆಂದೂ ಹತೋಟಿಯೆಂದೂ ಎರಡರ್ಥ ಕನ್ನಡದಲ್ಲಿದೆ. ಜೀವಕೋಶದ ಮಟ್ಟಿಗೆ ಆ ಎರಡರ್ಥಗಳೂ ಒಂದೇ ಆಗಿವೆ.

ಕೋಳಿಯ ವಿಚಾರವು ಮನುಷ್ಯನ ರೋಗದವರೆಗೆ ಬಂದುದು ರಕ್ತದ ಅರ್ಬುದವೊಂದರ ಮೂಲಕ. ಬಿಳಿಯ ರಕ್ತಕಣಗಳು ಮಿತಿಮೀರಿ ಹೆಚ್ಚುವ ಲ್ಯುಕೇಮಿಯದಲ್ಲಿ ನಿಧಾನವಾಗಿ ಬೆಳೆಯುವ ಮೈಲಾಯ್ಡ್ ಎಂಬ ಬಗೆಯೊಂದಿದೆ. ಗುಲ್ಮವು ಹೊಟ್ಟೆ ತುಂಬ ಊದುತ್ತದೆ, ಮೈ ಸೊರಗುತ್ತದೆ. ಕೆಲವು ವರ್ಷ ಶಾಂತವಾಗಿದ್ದಂತೆ ತೋರಿ ಕೊನೆಗೊಮ್ಮೆ ಕೆರಳಿ ಕೊಲ್ಲುತ್ತದೆ. ೧೯೬೦ರಲ್ಲಿ ಫಿಲಡೆಲ್ಫಿಯ ನಗರದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಎಂಬವರು ಈ ರೋಗಿಗಳ ರಕ್ತಕಣಗಳಲ್ಲಿ ಅಸಹಜವಾಗಿ ಗಿಡ್ಡವಾದ ವರ್ಣತಂತುವೊಂದನ್ನು ಕಂಡರು. ನೋವೆಲ್ ಅವರು ಕೋಶಗಳನ್ನು ನಲ್ಲಿಯ ನೀರಿನಲ್ಲಿ ತೊಳೆದುದರಿಂದ ಕೋಶಗಳು ಉಬ್ಬಿ ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿಕೊಂಡು ಕಾಣುವಂತಾಗಿದ್ದವು. ಸೋಸುವ ಕಾಗದ, ಹಳೆಯ ದ್ರಾವಣ, ನಲ್ಲಿಯ ನೀರು: ಇಂಥ ಬಡ ವಸ್ತುಗಳಿಗೆ ಈ ಇತಿಹಾಸದಲ್ಲಿ ದೊರೆತ ಸ್ಥಾನವನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

ಕಳೆದುಹೋದ ತುಂಡು ಎಲ್ಲಿಗೆ ಹೋಯಿತೆಂಬುದನ್ನು ಹುಡುಕಿದವರು ಷಿಕಾಗೋ ನಗರದ ಜ್ಯಾನೆಟ್ ರೌಲಿ ಎಂಬ ವೈದ್ಯೆ. ನಾಲ್ವರು ಗಂಡುಮಕ್ಕಳ ತಾಯಿಯಾದ ಅವರು ಬಹುಕಾಲ ವಾರದ ಕೆಲವು ದಿನಗಳು ಮಾತ್ರ ಪ್ರಯೋಗಶಾಲೆಗೆ ಹೋಗುತ್ತಿದ್ದರು. ವರ್ಣತಂತುಗಳ ಛಾಯಾಚಿತ್ರಗಳನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಹರಡಿ, ಕತ್ತರಿಯಿಂದ ಒಂದೊಂದನ್ನೇ ಕತ್ತರಿಸಿ ಜೋಡಿಮಾಡುತ್ತಿದ್ದರು. ಅಮ್ಮ ಕಾಗದದ ಗೊಂಬೆಗಳೊಡನೆ ಆಡಿ ಸಂಬಳ ಪಡೆಯುತ್ತಾಳೆಂದು ಮಕ್ಕಳು ಹಾಸ್ಯಮಾಡುತ್ತಿದ್ದರಂತೆ. ಆ ಗೊಂಬೆಯಾಟದಲ್ಲಿಯೇ ೧೯೭೨ರಲ್ಲಿ, ೨೨ನೆಯ ವರ್ಣತಂತುವಿನ ತುಂಡು ಕಳೆದುಹೋಗಿಲ್ಲ, ೯ನೆಯದಕ್ಕೆ ಅಂಟಿಕೊಂಡಿದೆ ಎಂಬುದು ಅವರಿಗೆ ಹೊಳೆಯಿತು. ೧೯೭೩ರಲ್ಲಿ ಅದನ್ನು ಪ್ರಕಟಿಸಿದರು. ಎರಡು ಗ್ರಂಥಗಳ ಹಾಳೆಗಳು ಕಳಚಿ, ಒಂದರ ಪುಟ ಇನ್ನೊಂದರಲ್ಲಿ ಸೇರಿ ಹೊಲಿಗೆಯಾದಂತೆ ಅವೆರಡೂ ತಮ್ಮ ತುದಿಗಳನ್ನು ವಿನಿಮಯ ಮಾಡಿಕೊಂಡಿದ್ದವು.

ಹೊಲಿಗೆ ಬಿದ್ದ ಜಾಗದಲ್ಲಿ ಏನಾಗಿದೆಯೆಂಬುದು ೧೯೮೦ರ ದಶಕದಲ್ಲಿ ತಿಳಿಯಿತು. ೯ನೆಯದರಲ್ಲಿದ್ದ ‘ಏಬಲ್’ ಎಂಬ ವಂಶವಾಹಿಯು ಬಂದು ೨೨ನೆಯದರಲ್ಲಿದ್ದ ‘ಬಿ.ಸಿ.ಆರ್.’ ಎಂಬುದರೊಡನೆ ಕೂಡಿಕೊಂಡು, ಎಂದೂ ಇರಲಾರದಿದ್ದ ಹೊಸ ಪ್ರೋಟೀನೊಂದನ್ನು ಹುಟ್ಟಿಸಿತ್ತು. ಏಬಲ್ ಕೂಡ ಟೈರೋಸಿನ್ನಿಗೆ ಫಾಸ್ಫೇಟನ್ನು ಅಂಟಿಸುವ ಕೈನೇಸು. ಅದಕ್ಕೆ ಮೊದಲಲ್ಲಿ ಒಂದು ಮುಚ್ಚಳದಂಥ ಭಾಗವಿದ್ದು, ಬೇಡವಾದಾಗ ಅದನ್ನು ಸುಮ್ಮನಿರಿಸುತ್ತದೆ. ಹೊಸ ಹೊಲಿಗೆಯಲ್ಲಿ ಆ ಮುಚ್ಚಳ ಹೋಯಿತು. ಅದರ ಸ್ಥಾನದಲ್ಲಿ ಬಂದ ಬಿ.ಸಿ.ಆರ್. ಭಾಗವು ಈ ಪ್ರೋಟೀನುಗಳನ್ನು ಗುಂಪುಗೂಡಿಸಿ ಪರಸ್ಪರ ಎಬ್ಬಿಸುವಂತೆ ಮಾಡಿತು. ಹೊರಗಿನಿಂದ ಯಾರೂ ಬಾಗಿಲು ತಟ್ಟದಿದ್ದರೂ ಒಳಗೆ ಹಗಲಿರುಳೂ ಡಂಗುರ. ‘ಬೆಳೆ, ಇಬ್ಭಾಗವಾಗು’ ಎಂಬ ಅಪ್ಪಣೆ ಮುಗಿಯುವುದೇ ಇಲ್ಲ. ಕಳಚುವ ಫಾಸ್ಫಟೇಸುಗಳು ಒರಸಿದಷ್ಟೂ ಅದು ಬರೆಯುತ್ತಲೇ ಇರುತ್ತದೆ.

ರೋಗದ ಮೂಲವು ಇಷ್ಟು ಸ್ಪಷ್ಟವಾದ ಮೇಲೆ, ಬರೆಯುವ ಆ ಒಂದು ಕೈಯನ್ನೇ ಹಿಡಿದು ನಿಲ್ಲಿಸಬಾರದೇಕೆ? ಕೈನೇಸು ಎ.ಟಿ.ಪಿ.ಯನ್ನು ಹಿಡಿಯುವ ಒಂದು ಸಂದು ಅದರ ಮೈಯಲ್ಲಿದೆ. ಆ ಸಂದಿನಲ್ಲಿ ಬೇರೊಂದು ಅಣುವನ್ನು ಬೆಣೆಯಂತೆ ಜಡಿದರೆ ಫಾಸ್ಫೇಟು ದೊರೆಯದೆ ಅದು ನಿಷ್ಕ್ರಿಯವಾಗಬೇಕು. ಆದರೆ ನೂರಾರು ಕೈನೇಸುಗಳಿಗೂ ಇಂಥದೇ ಸಂದು ಇರುವುದರಿಂದ, ಒಂದಕ್ಕೆ ಹೊಂದುವ ಬೆಣೆ ಎಲ್ಲಕ್ಕೂ ಹೊಂದಿ ರೋಗಿಯನ್ನೇ ಕೊಂದೀತೆಂಬುದು ಬಲ್ಲವರ ಭಯವಾಗಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ-ಗೈಗಿ ಕಂಪನಿಯಲ್ಲಿ ನಿಕೊಲಸ್ ಲೈಡನ್, ಯೂರ್ಗ್ ಜಿಮ್ಮರ್‌ಮನ್ ಮೊದಲಾದವರು ಅಂಥ ಅಣುಗಳನ್ನು ತಯಾರಿಸಿದರು. ಅಮೆರಿಕದ ಪೋರ್ಟ್‌ಲೆಂಡಿನ ವೈದ್ಯ ಬ್ರಯನ್ ಡ್ರೂಕರ್ ಅವುಗಳನ್ನು ರೋಗಕೋಶಗಳ ಮೇಲೆ ಪರೀಕ್ಷಿಸಿದರು. ಒಂದು ಅಣುವು ರೋಗಕೋಶಗಳನ್ನು ಕೊಂದು ಸಹಜ ಕೋಶಗಳನ್ನು ಉಳಿಸಿತೆಂದು ೧೯೯೬ರಲ್ಲಿ ವರದಿಯಾಯಿತು. ಮುಂದೆ ಇಮಾಟಿನಿಬ್ ಎಂದು ಪ್ರಸಿದ್ಧವಾದ ಔಷಧವು ಇದೇ.

ಈ ರೋಗವು ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವಂಥದು. ಕೊಳ್ಳುವವರು ಕಡಮೆಯಾಗಿರುವಲ್ಲಿ ವ್ಯಾಪಾರಕ್ಕೆ ಉತ್ಸಾಹ ಕಡಮೆ. ಡ್ರೂಕರ್ ಅವರು ಬೆನ್ನು ಬಿಡಲಿಲ್ಲ. ೧೯೯೮ರ ಜೂನಿನಲ್ಲಿ ರೋಗಿಗಳಿಗೆ ಅದನ್ನು ಕೊಡುವುದು ಮೊದಲಾಯಿತು. ಬೇರೆ ಚಿಕಿತ್ಸೆ ಫಲಿಸದೆ ಉಳಿದವರೇ ಅವರು. ದಿನಕ್ಕೆ ಮುನ್ನೂರು ಮಿಲಿಗ್ರಾಂ ಅಥವಾ ಹೆಚ್ಚು ಪ್ರಮಾಣವನ್ನು ಸೇವಿಸಿದ ೫೪ ಮಂದಿಯಲ್ಲಿ ೫೩ ಮಂದಿಯ ರಕ್ತವು ಸಹಜ ಸ್ಥಿತಿಗೆ ಮರಳಿತು. ಮರಣಪತ್ರವನ್ನು ಬರೆದಿಟ್ಟವರು ಮರಳಿ ಕೆಲಸಕ್ಕೆ ಹೋಗುವಂತಾಯಿತು. ೨೦೦೧ರ ಮೇ ೧೦ರಂದು ಅಮೆರಿಕದ ಸರಕಾರ ಅದಕ್ಕೆ ಸಮ್ಮತಿಯನ್ನಿತ್ತಿತು. ಆ ಔಷಧದಿಂದಲೇ ಚಿಕಿತ್ಸೆಯನ್ನಾರಂಭಿಸಿದ ರೋಗಿಗಳನ್ನು ಹತ್ತು ವರ್ಷಗಳ ಕಾಲ ನೋಡಿಕೊಂಡು ಬಂದ ಅಧ್ಯಯನದ ವರದಿ ೨೦೧೭ರಲ್ಲಿ ಪ್ರಕಟವಾಯಿತು; ಅದರಂತೆ ನೂರಕ್ಕೆ ೮೩ ಮಂದಿ ಹತ್ತು ವರ್ಷಗಳ ಬಳಿಕವೂ ಬದುಕಿದ್ದರು.

ಆದರೂ ವ್ಯಾಕರಣದ ಮೂರನೆಯ ವ್ಯಾಪಾರವಾದ ಆದೇಶವು ಇನ್ನೂ ಉಳಿದಿತ್ತು. ಕೆಲವರಲ್ಲಿ ಔಷಧವು ಕೆಲಕಾಲ ಫಲಿಸಿ ಆಮೇಲೆ ಸೋತಿತು. ಅದರ ಕಾರಣವು ೨೦೦೧ರಲ್ಲಿಯೇ ಹೊರಬಂದಿತು. ಏಬಲ್ ಸರದ ೩೧೫ನೆಯ ಮಣಿಯಾದ ಥ್ರಿಯೋನಿನ್ನಿನ ಸ್ಥಾನದಲ್ಲಿ ಐಸೊಲ್ಯೂಸಿನ್ ಬಂದು ಕುಳಿತಿತ್ತು. ಒಂದೇ ಒಂದು ಮಣಿಯ ಬದಲಾವಣೆಯಿಂದ ಸಂದಿನ ಬಾಯಿ ಇಕ್ಕಟ್ಟಾಗಿ ಬೆಣೆಯು ಒಳಹೋಗದಂತಾಯಿತು. ೨೦೦೬ರಲ್ಲಿ ಒಂದು, ೨೦೦೭ರಲ್ಲಿ ಇನ್ನೊಂದು ಹೊಸ ಔಷಧ ಬಂದರೂ ಈ ಆದೇಶದ ಮುಂದೆ ಅವುಗಳೂ ಕೈಚೆಲ್ಲಿದವು. ೨೦೧೨ರಲ್ಲಿ ಬಂದ ಪೊನಾಟಿನಿಬ್ ಅದನ್ನೂ ಎದುರಿಸಿತು. ಇನ್ನೊಂದು ಕಡೆ, ದೀರ್ಘಕಾಲ ಔಷಧವನ್ನು ಸೇವಿಸಿ ರೋಗದ ಸುಳಿವೇ ಸಿಕ್ಕದಂತಾದವರಲ್ಲಿ ಸುಮಾರು ಅರ್ಧದಷ್ಟು ಮಂದಿ ವೈದ್ಯರ ಕಾವಲಿನಲ್ಲಿ ಗುಳಿಗೆಯನ್ನೇ ನಿಲ್ಲಿಸಿ ಸುಖವಾಗಿರಬಲ್ಲರೆಂದೂ ಕಂಡುಬಂದಿದೆ. ಎಲ್ಲ ಅರ್ಬುದಗಳೂ ಇದರಂತೆ ಒಂದೇ ಕೈಯ ಕೆಲಸವಲ್ಲ. ಹಲವಾರು ತಪ್ಪುಗಳು ಒಂದರ ಮೇಲೊಂದು ಬಿದ್ದು ಹುಟ್ಟುವ ಗಡ್ಡೆಗಳೇ ಹೆಚ್ಚು. ಆದುದರಿಂದ ಇಲ್ಲಿ ದೊರೆತಂಥ ಗೆಲವು ಎಲ್ಲೆಲ್ಲಿಯೂ ದೊರೆತಿಲ್ಲ. ಆದರೆ ದಾರಿಯು ಕಂಡಿದೆ. ಶ್ವಾಸಕೋಶದ, ಸ್ತನದ, ಮೂತ್ರಪಿಂಡದ ಅರ್ಬುದಗಳಲ್ಲಿಯೂ ಕೆಲವಕ್ಕೆ ಕೈನೇಸುಗಳನ್ನು ತಡೆಯುವ ಗುಳಿಗೆಗಳು ಬಳಕೆಗೆ ಬಂದಿವೆ.

ಈ ಗುಳಿಗೆಯು ಭಾರತಕ್ಕೆ ಬಂದಾಗ ಮೊದಲಿನ ಸ್ಲೇಟಿನ ಪಾಠವು ಬೇರೊಂದು ರೀತಿಯಲ್ಲಿ ನೆನಪಾಗುವಂತಾಯಿತು. ಕಂಪನಿಯ ಗುಳಿಗೆಗೆ ತಿಂಗಳಿಗೆ ಸುಮಾರು ೧,೨೦,೦೦೦ ರೂಪಾಯಿ. ಈ ದೇಶದ ಕಂಪನಿಗಳು ತಯಾರಿಸಿದ ಅದೇ ಔಷಧಕ್ಕೆ ಸುಮಾರು ೮,೦೦೦ದಿಂದ ೧೦,೦೦೦ ರೂಪಾಯಿ. ಪ್ರತಿದಿನವೂ ತಪ್ಪದೆ ನುಂಗಬೇಕಾದ ಔಷಧವಿದು. ಮೂಲ ಕಂಪನಿಯು ಅನೇಕ ಬಡ ರೋಗಿಗಳಿಗೆ ಅದನ್ನು ಧರ್ಮಾರ್ಥವಾಗಿ ಕೊಟ್ಟುದು ನಿಜ. ಆದರೆ ಪೇಟೆಂಟು ದೊರೆತುಬಿಟ್ಟರೆ ಅಗ್ಗದ ಗುಳಿಗೆಯ ದಾರಿ ಮುಚ್ಚುವುದೆಂಬ ಚಿಂತೆ ಉಳಿದವರದಾಗಿತ್ತು. ವರ್ಷಗಟ್ಟಲೆ ನಡೆದ ವ್ಯಾಜ್ಯದಲ್ಲಿ, ತಿಳಿದಿದ್ದ ಔಷಧದ ಒಂದು ಹರಳು ರೂಪಕ್ಕೆ ಹೊಸ ಪೇಟೆಂಟು ಸಲ್ಲದೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೧೩ರ ಏಪ್ರಿಲ್ ೧ರಂದು ತೀರ್ಪಿತ್ತಿತು. ಹೊಸ ಔಷಧವನ್ನು ಶೋಧಿಸಿದವರ ಶ್ರಮಕ್ಕೂ ಹಣಕ್ಕೂ ಬೆಲೆಯಿಲ್ಲವೇ ಎಂಬ ಪ್ರಶ್ನೆ ಹಗುರವಾದುದಲ್ಲ. ಬದುಕಬಹುದಾದವನು ಹಣವಿಲ್ಲದೆ ಹೆಣವಾಗಬೇಕೇ ಎಂಬ ಪ್ರಶ್ನೆ ಅದಕ್ಕಿಂತ ಭಾರವಾದುದು.

ಕೋಳಿಯ ಗಡ್ಡೆಯಿಂದ ನ್ಯಾಯಾಲಯದ ತೀರ್ಪಿನವರೆಗೆ ನೂರು ವರ್ಷಗಳ ಮೇಲೆ ಕಳೆದಿವೆ. ಸ್ನಾಯುವಿನ ರಸವನ್ನು ಸೋಸುತ್ತಿದ್ದವರಿಗೆ ಅರ್ಬುದದ ಯೋಚನೆ ಇರಲಿಲ್ಲ. ಊಟದ ಮೇಜಿನ ಮೇಲೆ ಚಿತ್ರಗಳನ್ನು ಕತ್ತರಿಸುತ್ತಿದ್ದ ತಾಯಿಗೆ ಗುಳಿಗೆಯ ಕನಸಿರಲಿಲ್ಲ. ಒಬ್ಬರು ಅಂಟಿಸಿದ್ದಕ್ಕೆ ಇನ್ನೊಬ್ಬರು ಅಂಟಿಸುತ್ತ ಬಂದುದರಿಂದ ಅರ್ಥವು ಕೂಡಿಬಂದಿತು. ಇಂದು ಈ ರೋಗವುಳ್ಳವನೊಬ್ಬನು ಬೆಳಗ್ಗೆ ಊಟವಾದ ಮೇಲೆ ಗುಳಿಗೆಯನ್ನು ನುಂಗಿ ಹೊಲಕ್ಕೋ ಶಾಲೆಗೋ ಹೊರಡುತ್ತಾನೆ. ಅವನ ನೆತ್ತರಿನಲ್ಲಿ ಒಂದು ಕೈಯು ಬರೆಯಲೆತ್ತಿದುದು ಹಾಗೆಯೇ ತಡೆದು ನಿಲ್ಲುತ್ತದೆ. ಅದರ ಪಕ್ಕದಲ್ಲಿ, ಯಾರ ಗಮನಕ್ಕೂ ಬಾರದಂತೆ, ಲೋಪದ ಅಧಿಕಾರಿಗಳು ಹಳೆಯ ಗುರುತುಗಳನ್ನು ಒರಸಿ ಸ್ಲೇಟನ್ನು ಮತ್ತೆ ಬರೆಯುವುದಕ್ಕೆ ಅಣಿಮಾಡುತ್ತಿರುತ್ತವೆ.